ತಲೆಗೊಂದು ಸಸ್ಪೆನ್ಸ್ ಖಾತೆ

ಸಂಜೆ ನಾಲ್ಕೂವರೆಗೆ ಕ್ಯಾಷ್ ಎಣಿಸಿ ಮುಗಿಸಿದಾಗ 18,000 ರೂಪಾಯಿ ಕಡಿಮೆ ಬಂತು.

ಮತ್ತೆ ಎಣಿಸಿದೆ. ಐನೂರರ ಕಟ್ಟುಗಳನ್ನು ಬಿಚ್ಚಿ ಮೆಷಿನ್ನಿಗೆ ಹಾಕಿದೆ. ಇನ್ನೂರರದ್ದು, ನೂರರದ್ದು, ಕೊನೆಗೆ ಯಾರಿಗೂ ಬೇಡವಾದ ಮಾಸಲು ಹತ್ತರ ಕಟ್ಟುಗಳೂ ಆದವು. ಅದೇ 18,000. ಡ್ರಾಯರ್ ಪೂರ್ತಿ ಹೊರಗೆಳೆದು ಹಿಂದೆ ಕೈಯಾಡಿಸಿದೆ. ಕಾಲ ಬಳಿಯ ಕಸದ ಬುಟ್ಟಿ ಬೋರಲು ಹಾಕಿದೆ. ಕಟ್ಟಿಗೆ ಸುತ್ತುವ ಕಾಗದದ ಪಟ್ಟಿಗಳು, ರಬ್ಬರ್ ಬ್ಯಾಂಡು, ಒಂದು ಬಾಳೆಹಣ್ಣಿನ ಸಿಪ್ಪೆ. ಅಷ್ಟೇ.

ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಆ ಹೊತ್ತಿನಲ್ಲಿ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗೊತ್ತು. ಜಾಸ್ತಿ ಬಂದರೆ ಬ್ಯಾಂಕಿನದು, ಕಡಿಮೆ ಬಂದರೆ ನಮ್ಮದು. ಸಿಗದಿದ್ದರೆ ಕೈಯಿಂದ ಕಟ್ಟಬೇಕು. ದುಡ್ಡಿಗಿಂತ ಜಾಸ್ತಿ ಚುಚ್ಚುವುದು ಇನ್ನೊಂದಿದೆ. ಶಾಖೆಯಲ್ಲಿದ್ದವರೆಲ್ಲ ನಮ್ಮ ಕಡೆ ನೋಡಬಾರದು ಅಂತ ಕಷ್ಟಪಟ್ಟು ಬೇರೆ ಕಡೆ ನೋಡುತ್ತಿರುತ್ತಾರಲ್ಲ, ಅದು.

ಮ್ಯಾನೇಜರ್ ಸರ್ ಟೀ ಲೋಟ ಹಿಡಿದುಕೊಂಡೇ ಬಂದರು. "ಒಂಬತ್ತರಿಂದ ಭಾಗ ಹೋಗುತ್ತಾ ನೋಡಿ ಮೇಡಂ" ಅಂದರು. ಹೋಗುತ್ತೆ. ಎರಡು ಸಾವಿರ.

"ಹಾಗಾದ್ರೆ ನೋಟು ಎಲ್ಲೂ ಹೋಗಿಲ್ಲ. ಅಂಕಿ ಹಿಂದುಮುಂದಾಗಿರುತ್ತೆ. ಚಲನ್ ತೆಗೀರಿ."

ಇದು ಲೆಕ್ಕ ಬರೆಯುವವರ ಹಳೇ ಉಪಾಯ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. 21ರಲ್ಲಿ 12 ಕಳೆಯಿರಿ, 9. 83ರಲ್ಲಿ 38 ಕಳೆಯಿರಿ, 45. ಅದು ನನಗೂ ಗೊತ್ತಿತ್ತು. ಸರ್ವೀಸಿಗೆ ಸೇರಿದ ಹೊಸದರಲ್ಲೇ ಕಲಿತಿದ್ದೆ. ಆದರೆ ಆ ಸಂಜೆ ನೆನಪಾಗಲಿಲ್ಲ, ಕಸದ ಬುಟ್ಟಿ ನೆನಪಾಯಿತು.

ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಕೊಬ್ಬರಿ ಮಾರಿ ಬಂದ ರೈತರೊಬ್ಬರು ಕಟ್ಟಿದ್ದ ದುಡ್ಡು. ಚಲನ್‌ನಲ್ಲಿ 24,000 ಅಂತಿದೆ, ಕಂಪ್ಯೂಟರಿನಲ್ಲಿ ನಾನು 42,000 ಅಂತ ಒತ್ತಿದ್ದೇನೆ. ನಮ್ಮದು ತಿಪಟೂರು. ಕೊಬ್ಬರಿ ಹರಾಜಾದ ಮಾರನೇ ದಿನ ಕೌಂಟರ್ ಮುಂದೆ ಸಾಲು ಬಾಗಿಲು ದಾಟುತ್ತದೆ. ಆ ರೈತರಿಗೆ ಫೋನ್ ಮಾಡಿ ಹೇಳಿದೆ. "ಮೆಸೇಜ್ ಬಂದಾಗಲೇ ನೋಡ್ದೆ ಮೇಡಮ್ಮೋರೆ. ದಾರೀಲಿ ಬರ್ತಾ ಬರ್ತಾ ದುಡ್ಡು ಮರಿ ಹಾಕ್ತೇನೋ ಅನ್ಕೊಂಡೆ" ಅಂದರು. ತಪ್ಪು ಎಂಟ್ರಿ ತೆಗೆದು ಸರಿಯಾದದ್ದು ಹಾಕಿದೆವು. ಎಲ್ಲರೂ ಮನೆಗೆ ಹೋದರು. ನನಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ.

ಯಾಕೆಂದರೆ ಪ್ರತಿ ಎಂಟ್ರಿಯ ಜೊತೆ ಟೈಮ್ ಇರುತ್ತದೆ. ಈ ಎಂಟ್ರಿಯ ಟೈಮ್ 11:52. ಆ 11:52ಕ್ಕೆ ನನ್ನ ತಲೆಯಲ್ಲಿ ಏನಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ನಲ್ಲಿ ನೀರು ಬಂದಿತ್ತು, ಸಂಪ್‌ಗೆ ಬಿಟ್ಟಿದ್ದೆ. ವಾಲ್ವ್ ತಿರುಗಿಸಿ ಬಂದೆನಾ ಇಲ್ಲವಾ? ಅತ್ತೆಗೆ ಫೋನ್ ಮಾಡಿ ಕೇಳೋಣ ಅಂದರೆ, ಅವರ ಥೈರಾಯ್ಡ್ ಮಾತ್ರೆ ಮುಗಿದಿರೋದು ನೆನಪಾಯಿತು. ಮಾತ್ರೆ ಅಂದ ತಕ್ಷಣ ಮೆಡಿಕಲ್ ಸ್ಟೋರಿನ ಪಕ್ಕದ ಟೈಲರ್, ಅವನ ಹತ್ತಿರ ಒಂದೂವರೆ ತಿಂಗಳಿಂದ ಬಿದ್ದಿರೋ ಬ್ಲೌಸ್. ಇಷ್ಟರ ನಡುವೆ ಬೆರಳು ನಾಲ್ಕು ಒತ್ತಿ ಎರಡು ಒತ್ತಿದೆ. ವಾಲ್ವ್ ತಿರುಗಿಸಿಯೇ ಬಂದಿದ್ದೆ ಅನ್ನೋದು ಬೇರೆ ಮಾತು.

ಮೊದಲಿಗೆ ನಾನೂ ಎಲ್ಲರ ಹಾಗೆ ಕೆಲಸದ ಒತ್ತಡ ಅಂದುಕೊಂಡೆ. ಸ್ಟಾಫ್ ಕಡಿಮೆ, ಸಾಲು ಜಾಸ್ತಿ. ಬೈಯೋಕೆ ಸುಲಭ. ಆದರೆ ರಾತ್ರಿ ಚಪಾತಿ ಲಟ್ಟಿಸುವಾಗ 2016 ನೆನಪಾಯಿತು. ಆಮೇಲೆ ಒತ್ತಡದ ವಾದಕ್ಕೆ ಬಲ ಉಳಿಯಲಿಲ್ಲ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಹೋದವಲ್ಲ. 10ನೇ ತಾರೀಕು ಬ್ಯಾಂಕ್ ಬಾಗಿಲು ತೆಗೆದಾಗ ನಾನು ಕ್ಯಾಷ್‌ನಲ್ಲೇ ಇದ್ದೆ. ಎರಡನೇ ಶನಿವಾರ ಇಲ್ಲ, ಭಾನುವಾರ ಇಲ್ಲ. ನೋಟು ಬದಲಾಯಿಸೋ ಮಿತಿ ಮೊದಲು 4,000, ಆಮೇಲೆ 4,500, ಆಮೇಲೆ 2,000. ಬೆರಳಿಗೆ ಶಾಯಿ ಬೇರೆ. ರಾತ್ರಿ ಒಂಬತ್ತು, ಹತ್ತಕ್ಕೆ ಎದ್ದದ್ದಿದೆ. ನನ್ನ ಸರ್ವೀಸಿನಲ್ಲೇ ಅಷ್ಟು ನೋಟು ಎಣಿಸಿದ್ದು ಇನ್ಯಾವಾಗಲೂ ಇಲ್ಲ. ಆ ತಿಂಗಳು ನನ್ನ ಕೌಂಟರಿನಲ್ಲಿ ಒಂದು ದಿನವೂ ಒಂದು ರೂಪಾಯಿ ಹೆಚ್ಚುಕಡಿಮೆ ಆಗಲಿಲ್ಲ.

ಜಾಣತನ ಅಂತ ಹೇಳಿಕೊಳ್ಳುತ್ತಿಲ್ಲ. ಆ ತಿಂಗಳು ಮನೆಯವರೆಲ್ಲ ನನ್ನನ್ನು ಬಿಟ್ಟುಬಿಟ್ಟಿದ್ದರು. ಅತ್ತೆ ಅಡುಗೆಮನೆ ಪೂರ್ತಿ ತಗೊಂಡರು. ಇವರು ಮಗಳ ಟ್ಯೂಷನ್, ಹಾಲು, ಕರೆಂಟ್ ಬಿಲ್ ನೋಡಿಕೊಂಡರು. ನೆಂಟರು ಕೂಡ "ಪಾಪ, ಬ್ಯಾಂಕಿನವಳು" ಅಂತ ಫೋನ್ ಮಾಡಲಿಲ್ಲ. ಕೈತುಂಬ ಕೆಲಸ, ತಲೆಯಲ್ಲಿ ಒಂದೇ ವಿಷಯ. ಹೊಸ ವರ್ಷ ಬಂತು, ಸಾಲು ಕರಗಿತು. ನನ್ನ ಹಳೇ ಜವಾಬ್ದಾರಿಗಳೆಲ್ಲ ಒಂದೊಂದಾಗಿ ಸದ್ದಿಲ್ಲದೆ ವಾಪಸ್ ಬಂದವು. ಯಾರೂ ಕೊಡಲಿಲ್ಲ. ನಾನೇ ಎತ್ತಿಕೊಂಡೆ ಅನ್ನಿಸುತ್ತೆ.

ಮಗಳು ಈಗ ಮೈಸೂರಿನಲ್ಲಿ ಸೈಕಾಲಜಿ ಓದುತ್ತಿದ್ದಾಳೆ. 18,000ದ ಕಥೆ ಹೇಳಿದ್ದಕ್ಕೆ ಅವಳು ನಗದೆ, ಝೈಗಾರ್ನಿಕ್ ಅಂತ ಒಂದು ಹೆಸರು ಹೇಳಿದಳು. ಬ್ಲೂಮಾ ಝೈಗಾರ್ನಿಕ್. ಲಿಥುವೇನಿಯಾದ ಹೆಣ್ಣುಮಗಳು, ಬರ್ಲಿನ್‌ನಲ್ಲಿ ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞರ ಹತ್ತಿರ ಓದುತ್ತಿದ್ದವಳು. ಹೋಟೆಲಿನ ಸಪ್ಲೈಯರ್‌ಗಳಿಗೆ ಬಿಲ್ ಕೊಡೋವರೆಗೆ ಯಾವ ಟೇಬಲ್ಲಿಗೆ ಏನು ಅಂತ ಪೂರ್ತಿ ನೆನಪಿರುತ್ತೆ, ದುಡ್ಡು ಕೊಟ್ಟು ಎದ್ದ ಮೇಲೆ ಮರೆತೇ ಹೋಗುತ್ತೆ ಅನ್ನೋದರಿಂದ ಅವರ ಯೋಚನೆ ಶುರುವಾಯಿತಂತೆ. ಜನರಿಗೆ ಸಣ್ಣಸಣ್ಣ ಕೆಲಸ ಕೊಟ್ಟು, ಕೆಲವನ್ನು ಅರ್ಧಕ್ಕೆ ಕಿತ್ತುಕೊಂಡು, ಆಮೇಲೆ ಯಾವುದು ನೆನಪಿದೆ ಅಂತ ಕೇಳಿದರು. ಅರ್ಧಕ್ಕೆ ಬಿಟ್ಟದ್ದೇ ಜಾಸ್ತಿ ನೆನಪಿತ್ತು. 1927ರಲ್ಲಿ ಅದು ಅಚ್ಚಾಯಿತು.

"ಆದ್ರೆ ಅಮ್ಮಾ, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲರಿಗೂ ಹಾಗೇ ಬರಲಿಲ್ಲ" ಅಂದಳು. ಅರ್ಧಕ್ಕೆ ನಿಂತ ಕೆಲಸಕ್ಕೆ ವಾಪಸ್ ಹೋಗಬೇಕು ಅನ್ನೋ ಎಳೆತ ಮಾತ್ರ ಗಟ್ಟಿಯಾಗಿ ಕಾಣಿಸುತ್ತಂತೆ. ಅದನ್ನು ಪರೀಕ್ಷೆ ಮಾಡಿದ್ದು ಅದೇ ಗುಂಪಿನ ಮರಿಯಾ ಒವ್ಸಿಯಾಂಕಿನಾ. ನನಗೆ ಈ ಎರಡನೇ ಮಾತೇ ಹೆಚ್ಚು ಸರಿ ಅನ್ನಿಸಿತು. ನನ್ನ ಕಥೆಯಲ್ಲಿ ನೆನಪಿಗೇನೂ ಕೊರತೆ ಇರಲಿಲ್ಲ. ವಾಲ್ವ್ ಎಳೆಯುತ್ತಿತ್ತು, ಮಾತ್ರೆ ಎಳೆಯುತ್ತಿತ್ತು, ಬ್ಲೌಸ್ ಎಳೆಯುತ್ತಿತ್ತು. ಎಳೆಯೋಕೆ ಬೆರಳು ಮಾತ್ರ ಒಂದೇ.

ಸರಿ, ಅರ್ಧಕ್ಕೆ ನಿಂತದ್ದನ್ನೆಲ್ಲ ಮುಗಿಸಿಬಿಟ್ಟರೆ ತಲೆ ಹಗುರ ಆಗುತ್ತೆ. ಯಾರಿಗೆ ಆಗುತ್ತೆ ಹೇಳಿ? ಸಂಸಾರ ಅಂದರೇನೇ ಅರ್ಧಕ್ಕೆ ನಿಂತ ಕೆಲಸಗಳು. ಇಲ್ಲಿಗೆ ಬಂದಾಗ ನನಗೆ ನಮ್ಮ ಬ್ಯಾಂಕೇ ನೆನಪಾಯಿತು.

ಬ್ಯಾಂಕಿನಲ್ಲಿ ದಿನ ಮುಚ್ಚಲೇಬೇಕು. ಡೇ ಎಂಡ್ ಅಂತೀವಿ. ಡೆಬಿಟ್ಟು, ಕ್ರೆಡಿಟ್ಟು ಸಮ ಆಗದೆ ದಿನ ಮುಚ್ಚೋ ಹಾಗಿಲ್ಲ. ಆದರೆ ಪ್ರತಿದಿನ ಏನಾದರೂ ಒಂದು ಇತ್ಯರ್ಥ ಆಗದೆ ಉಳಿಯುತ್ತದೆ. ಯಾವ ಖಾತೆಗೆ ಸೇರಬೇಕೋ ಗೊತ್ತಿಲ್ಲದ ಹಣ, ಕಾಗದ ಬರಬೇಕಾದ ಖರ್ಚು. ಅದಕ್ಕೆಲ್ಲ ಉತ್ತರ ಸಿಗೋವರೆಗೆ ಕಾದರೆ ಯಾವ ಶಾಖೆಯೂ ರಾತ್ರಿ ಬಾಗಿಲು ಹಾಕೋಕಾಗಲ್ಲ. ಅದಕ್ಕೇ ಸಸ್ಪೆನ್ಸ್ ಖಾತೆ ಅಂತ ಒಂದಿರೋದು. ಇತ್ಯರ್ಥ ಆಗದ್ದನ್ನು ಅಲ್ಲಿಗೆ ಹಾಕುತ್ತೇವೆ. ಸುಮ್ನೆ ಎಸೆಯೋ ಹಾಗಿಲ್ಲ. ಎಷ್ಟು, ಯಾವ ತಾರೀಕು, ಯಾತಕ್ಕೆ, ಯಾರು ಬಗೆಹರಿಸಬೇಕು, ಎಲ್ಲ ಬರೆಯಬೇಕು. ಬರೆದ ಮೇಲೆ ಲೆಕ್ಕ ಕೂಡುತ್ತದೆ, ದಿನ ಮುಚ್ಚುತ್ತದೆ, ನಾವು ಮನೆಗೆ ಹೋಗುತ್ತೇವೆ. ಅಲ್ಲಿ ಜಾಸ್ತಿ ದಿನ ಬಿದ್ದಿದ್ದರೆ ಆಡಿಟರ್ ಬಂದು ಕೆಂಪು ಗೆರೆ ಎಳೆಯುತ್ತಾರೆ, "ಇದು ಯಾಕೆ ಇನ್ನೂ ಇದೆ?" ಅಂತ.

ಇಷ್ಟು ವರ್ಷ ಬ್ಯಾಂಕಿನ ಅರ್ಧಂಬರ್ಧ ಲೆಕ್ಕಗಳಿಗೆ ಒಂದು ಜಾಗ ಮಾಡಿಕೊಟ್ಟಿದ್ದೆ, ನನ್ನವನ್ನು ಮಾತ್ರ ತಲೆಯಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದೆ. ಸ್ಟ್ರಾಂಗ್ ರೂಮಿಗಾದರೂ ಎರಡು ಬೀಗದ ಕೈ ಇರುತ್ತವೆ. ಒಂದು ನನ್ನ ಹತ್ತಿರ, ಇನ್ನೊಂದು ಆಫೀಸರ್ ಹತ್ತಿರ. ಮನೆಯ ಲೆಕ್ಕಕ್ಕೆ ಎರಡೂ ನನ್ನ ಹತ್ತಿರವೇ ಇದ್ದವು.

ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕೂತು ಬರೆದೆ. ಹಿಂಬದಿ ಖಾಲಿ ಇದ್ದ ಹಳೇ ಕ್ಯಾಲೆಂಡರ್ ಹಾಳೆ. ತಲೆಯಲ್ಲಿ ಏನೇನಿದೆಯೋ ಎಲ್ಲ ಅಂತ. ಹದಿನೈದು ಬರಬಹುದು ಅಂದುಕೊಂಡಿದ್ದೆ. 43 ಬಂತು. ಗ್ಯಾಸ್ ಕೆವೈಸಿ. ಟೈಲರ್. ಮೇಲಿನ ಮನೆಯವರಿಂದ ತಂದ ಏಣಿ ವಾಪಸ್ ಕೊಡೋದು. ನಾದಿನಿ ಮಗಳ ಸೀಮಂತಕ್ಕೆ ಸೀರೆ. ಸ್ಕೂಟರ್ ಇನ್ಶೂರೆನ್ಸ್. ಕುಕ್ಕರ್ ಗ್ಯಾಸ್ಕೆಟ್. ಹೋದ ಗೌರಿಹಬ್ಬದಲ್ಲಿ ಓರಗಿತ್ತಿ ಆಡಿದ ಒಂದು ಮಾತು. ಹೌದು, ಅದನ್ನೂ ಬರೆದೆ. ಅದೂ ಜಾಗ ಹಿಡಿದುಕೊಂಡೇ ಇತ್ತಲ್ಲ.

ಬರೆದು ಮುಗಿಸಿ ನೋಡುತ್ತೇನೆ, 43ರಲ್ಲಿ ಆಫೀಸಿನದು ನಾಲ್ಕೇ ನಾಲ್ಕು. ನನ್ನ ಕೆಲಸದ ಗಮನ ಕೆಡಿಸುತ್ತಿದ್ದದ್ದು ನನ್ನ ಕೆಲಸ ಆಗಿರಲೇ ಇಲ್ಲ. ಇನ್ನೂ ಸ್ವಲ್ಪ ನೋಡಿದೆ. ಹನ್ನೊಂದು ನನ್ನವೇ ಅಲ್ಲ. ಇವರ ಸ್ಕೂಟರ್, ಇವರ ಇನ್ಶೂರೆನ್ಸ್, ಇವರ ಸ್ನೇಹಿತನಿಗೆ ಕೊಡಬೇಕಾದ ಫೋಟೋ ಕಾಪಿ. ನಾನು ಮಾಡಬೇಕಾದ ಕೆಲಸ ಅವು ಅಲ್ಲ, ನಾನು ನೆನಪಿಸಬೇಕಾದ ಕೆಲಸ. ಮಾಡೋದು ಹತ್ತು ನಿಮಿಷ. ನೆನಪಿಟ್ಟುಕೊಳ್ಳೋದು ಮೂರು ವಾರ.

ಸಂಜೆ ಕಾಫಿ ಕೊಟ್ಟು ಹಾಳೆ ಇವರ ಮುಂದಿಟ್ಟೆ. ಹನ್ನೊಂದಕ್ಕೆ ಸುತ್ತು ಹಾಕಿದ್ದೆ.

"ಏನೇ ಇದು?"

"ನಿಮ್ಮ ಖಾತೆಗೆ ಟ್ರಾನ್ಸ್‌ಫರ್ ರೀ."

"ಸ್ಕೂಟರ್ ಇನ್ಶೂರೆನ್ಸ್ ನೀನು ಹೇಳ್ತೀಯಲ್ಲ ಯಾವಾಗಲೂ?"

"ಹೂಂ. ಇನ್ಮೇಲೆ ಹೇಳಲ್ಲ."

ಇವರು ಒಳ್ಳೆಯವರೇ. ಹನ್ನೊಂದನ್ನೂ ತಗೊಂಡರು. ಆದರೆ ಮೊದಲ ವಾರ ನನಗೇ ತಡೆಯಲಾಗಲಿಲ್ಲ. ಇನ್ಶೂರೆನ್ಸ್ ಕಟ್ಟಿದರಾ ಅಂತ ಮೂರು ಸಲ ಬಾಯಿಗೆ ಬಂತು, ಮೂರು ಸಲ ನುಂಗಿದೆ. ಕಟ್ಟೋದು ನಾಲ್ಕು ದಿನ ತಡವಾಯಿತು. ಆ ನಾಲ್ಕು ದಿನ ನಡೆದುಕೊಂಡು ಓಡಾಡಿದರು, ಆಮೇಲೆ ತಾವೇ ಕಟ್ಟಿದರು. ಸ್ವಲ್ಪ ತೂಕವೂ ಇಳಿಯಿತು.

ಉಳಿದ 32ಕ್ಕೆ ಏನು ಮಾಡಿದೆ ಅಂದರೆ, ಮಾಡಲಿಲ್ಲ. ಪ್ರತಿಯೊಂದರ ಮುಂದೆ ಯಾವಾಗ, ಎಲ್ಲಿ ಅಂತ ಬರೆದೆ, ಅಷ್ಟೇ. ಟೈಲರ್: ಗುರುವಾರ, ಬಸ್ ಸ್ಟ್ಯಾಂಡ್ ಕಡೆಯಿಂದ ಬರುವಾಗ. ಮಾತ್ರೆ: ತಿಂಗಳ 25ಕ್ಕೆ, ಸಂಬಳದ ದಿನ ನೋಡಿಕೊಂಡು. ಇದಕ್ಕೂ ಮಗಳ ಹತ್ತಿರ ಒಂದು ಆಧಾರ ಇತ್ತು. 2011ರಲ್ಲಿ ಮಾಸಿಕಾಂಪೊ, ಬೌಮೈಸ್ಟರ್ ಅಂತ ಅಮೆರಿಕದ ಇಬ್ಬರು ಪರೀಕ್ಷೆ ಮಾಡಿ ನೋಡಿದ್ದಾರೆ. ಮುಗಿಯದ ಕೆಲಸ ಇರುವವರಿಗೆ ಬೇರೆ ಕೆಲಸ ಕೊಟ್ಟರೆ ಗಮನ ಹಳೆಯದಕ್ಕೇ ಹರಿಯುತ್ತದೆ. ಆದರೆ ಆ ಕೆಲಸವನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಬರೆದುಕೊಂಡವರಿಗೆ ಆ ತೊಂದರೆ ಕಾಣಿಸಲಿಲ್ಲ. ಕೆಲಸ ಇನ್ನೂ ಆಗಿರಲಿಲ್ಲ, ಆದರೂ ಎಳೆತ ನಿಂತಿತ್ತು. ಬರೀ ಪಟ್ಟಿ ಸಾಲದು, ತಾರೀಕು ಬೇಕು. ಅದನ್ನು ಓದಿ ನನಗೆ ನಗು ಬಂತು. ಸಸ್ಪೆನ್ಸ್ ರಿಜಿಸ್ಟರಿನ ಕಾಲಂಗಳನ್ನು ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತಲ್ಲ.

ಈಗ ನನ್ನ ಕೌಂಟರಿನ ಕೆಳಗೆ, ಸ್ಟಾಂಪ್ ಪ್ಯಾಡಿನ ಪಕ್ಕ, ಬೈಂಡ್ ಮಾಡಿಸಿದ ಒಂದು ಸಣ್ಣ ಪುಸ್ತಕ ಇದೆ. ಮೇಲೆ 'ಸಸ್ಪೆನ್ಸ್' ಅಂತ ಬರೆದಿದ್ದೇನೆ. ಪಕ್ಕದ ಕೌಂಟರಿನ ಹುಡುಗ ಪತ್ತೇದಾರಿ ಕಾದಂಬರಿ ಬರೀತಿದ್ದೀನಿ ಅಂದುಕೊಂಡಿದ್ದ. ಗ್ರಾಹಕರು ಚಲನ್ ಹುಡುಕುವಾಗ ಮನೆಯದೇನಾದರೂ ನುಗ್ಗಿದರೆ ಒಂದು ಪದ ಗೀಚುತ್ತೇನೆ. 'ಗ್ಯಾಸ್ಕೆಟ್.' ಮೂರು ಸೆಕೆಂಡು. ನಾಲ್ಕೂಮುಕ್ಕಾಲಿಗೆ, ಕ್ಯಾಷ್ ಟ್ಯಾಲಿ ಆದ ಮೇಲೆ, ತಾರೀಕು ಹಾಕುತ್ತೇನೆ. ಫೋನಿನಲ್ಲಿ ಬರೆಯಬಹುದಲ್ಲ ಅಂತ ಹುಡುಗ ಕೇಳಿದ. ಬರೆಯಬಹುದು. ಆದರೆ ಗ್ಯಾಸ್ಕೆಟ್ ಅಂತ ಬರೆಯೋಕೆ ಫೋನ್ ತೆಗೆದರೆ ನಾದಿನಿ ಕಳಿಸಿದ ಸೀರೆ ಫೋಟೋ ಹದಿನಾಲ್ಕು ಇರುತ್ತವೆ. ಫೋನ್ ಈಗ ಬ್ಯಾಗಿನಲ್ಲಿ, ಬ್ಯಾಗು ಊಟದ ರೂಮಿನಲ್ಲಿ.

ಇದನ್ನೆಲ್ಲ ಮಾಡುವಾಗ ನನ್ನನ್ನು ಕಾಡಿದ ಒಂದು ಪ್ರಶ್ನೆ ಇದೆ. ಅಪ್ಪ ಕನ್ನಡ ಮೇಷ್ಟ್ರು. ನಾನು ಪಿಯುಸಿ ಓದುವಾಗ ತುಮಕೂರಿಗೆ ಒಂದು ಅಷ್ಟಾವಧಾನ ನೋಡಲು ಕರೆದುಕೊಂಡು ಹೋಗಿದ್ದರು. ಶತಾವಧಾನಿ ಗಣೇಶ್ ಅವರಿಂದಾಗಿ ಕನ್ನಡದಲ್ಲಿ ಆ ಕಲೆಗೆ ಮತ್ತೆ ಜನ ಸೇರುತ್ತಿದ್ದ ಕಾಲ. ವೇದಿಕೆ ಮೇಲೆ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಎದುರಿಗೆ ಉತ್ತರ ಹೇಳುವ ಅವಧಾನಿ. ಪೆನ್ನಿಲ್ಲ, ಪೇಪರಿಲ್ಲ. ಒಬ್ಬರು ಸಮಸ್ಯೆ, ಅಂದರೆ ಪದ್ಯದ ಕೊನೇ ಸಾಲು ಕೊಡುತ್ತಾರೆ, ಒಬ್ಬರು ದತ್ತಪದಿ, ಅಂದರೆ ಪದ್ಯದಲ್ಲಿ ಬರಲೇಬೇಕಾದ ಪದಗಳು, ಒಬ್ಬರು ಪ್ರತಿ ಹೆಜ್ಜೆಗೂ ಈ ಅಕ್ಷರ ಬೇಡ ಅಂತ ತಡೆಯುತ್ತಾರೆ. ಅಂಕಿಗಳ ಚೌಕ ತುಂಬಿಸುವ ಸಂಖ್ಯಾಬಂಧದವರು ನಡುನಡುವೆ ಚೌಕದ ಒಂದೊಂದು ಮನೆಯ ಅಂಕಿ ಕೇಳುತ್ತಾರೆ. ಎಲ್ಲ ತಲೆಯಲ್ಲೇ. ಹಾಗಾದರೆ ನನಗ್ಯಾಕೆ ಪುಸ್ತಕ ಬೇಕು? ಪ್ರತಿಭೆ ಅಂದುಬಿಟ್ಟರೆ ಮುಗಿಯಿತು, ಅದು ಇದ್ದೇ ಇದೆ. ಆದರೆ ಅವತ್ತು ಕಂಡದ್ದನ್ನು ಈಗ ಬೇರೆ ಥರ ನೋಡುತ್ತೇನೆ.

ಅವಧಾನಿ ಪದ್ಯ ಕೇಳುವ ಒಬ್ಬೊಬ್ಬರಿಗೂ ಒಂದು ಸರದಿ ಕೊಡುತ್ತಾರೆ. ಆ ಸರದಿಯಲ್ಲಿ ಪದ್ಯದ ಒಂದೇ ಪಾದ. ಪಾದ ಹೇಳಿ ಮುಗಿಸಿ ಮುಂದಿನವರ ಕಡೆ ತಿರುಗಿದರೆ ಹಿಂದಿನವರ ಕಡೆ ನೋಡುವುದಿಲ್ಲ. ಮುಂದಿನ ಸುತ್ತಿನಲ್ಲಿ ಅವರು ಇದ್ದೇ ಇರುತ್ತಾರೆ ಅನ್ನೋ ಭರವಸೆ. ಕೊನೆಗೆ ಧಾರಣೆ, ಎಲ್ಲ ಪದ್ಯ ಪೂರ್ತಿ ಹೇಳಿ ಲೆಕ್ಕ ಮುಚ್ಚುತ್ತಾರೆ. ಸರದಿಗೆ ಕಾಯದೆ ನಡುವೆ ನುಗ್ಗುವವರಲ್ಲಿ ಮುಖ್ಯವಾದವರು ಒಬ್ಬರಿದ್ದಾರೆ. ಅಪ್ರಸ್ತುತ ಪ್ರಸಂಗದವರು. ಗಮನ ಕೆಡಿಸುವುದೇ ಅವರ ಕೆಲಸ. ಪದ್ಯ ಕಟ್ಟುವ ನಟ್ಟನಡುವೆ "ಅವಧಾನಿಗಳೇ, ನಿಮ್ಮ ಮನೆಯಲ್ಲಿ ಇವತ್ತು ಸಾರೇನು?" ಅನ್ನೋ ಥರದ ಪ್ರಶ್ನೆ ಎಸೆಯುತ್ತಾರೆ. ಅವಧಾನಿ ಅವರನ್ನು ಗದರುವುದಿಲ್ಲ, ಕಿವಿ ಮುಚ್ಚಿಕೊಳ್ಳುವುದೂ ಇಲ್ಲ. ತಕ್ಷಣ ಒಂದು ಚಟಾಕಿ ಹಾರಿಸುತ್ತಾರೆ, ಸಭೆ ನಗುತ್ತದೆ, ಅದು ಅಲ್ಲಿಗೆ ಮುಗಿಯಿತು. ಧಾರಣೆಯಲ್ಲಿ ಅದನ್ನು ಹೇಳಬೇಕಾಗಿಲ್ಲ. ಮುಂದಕ್ಕೆ ಹೊರಬೇಕಾದ್ದು ಯಾವುದು, ಅಲ್ಲೇ ಬಿಡಬೇಕಾದ್ದು ಯಾವುದು ಅಂತ ಅವರಿಗೆ ಮೊದಲೇ ಗೊತ್ತು.

ನನ್ನ ಕೌಂಟರಿನ ಮುಂದೆ ಎಂಟಕ್ಕೆ ಎಂಟೂ ಜನ ಅಪ್ರಸ್ತುತದವರೇ ಕೂತಿದ್ದರು. ನಾನು ಎಲ್ಲರ ಪ್ರಶ್ನೆಗಳನ್ನೂ ಧಾರಣೆಗೆ ಅಂತ ಕಟ್ಟಿಡುತ್ತಿದ್ದೆ.

ಓರಗಿತ್ತಿಯ ಮಾತನ್ನು ಹಾಗೆ ಬಿಟ್ಟೆ. ತಾರೀಕು ಹಾಕಲು ಹೋದೆ, ಯಾವ ತಾರೀಕು ಹಾಕೋದು? ಜಗಳ ಆಡೋಕೆ ದಿನ ಗೊತ್ತುಮಾಡೋಕಾಗುತ್ತಾ? ಹೊಡೆದು ಹಾಕಿದೆ. ಪೂರ್ತಿ ಹೋಗಿದೆ ಅಂತ ಹೇಳಲಾರೆ. ಮೊನ್ನೆ ಒಂದು ಮದುವೆಯಲ್ಲಿ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು, ಹೋಳಿಗೆಗೆ ತುಪ್ಪ ಬಡಿಸುವವನನ್ನು ನನಗೋಸ್ಕರ ಎರಡನೇ ಸಲ ಕರೆದಳು. ಆಗ ಮಾತ್ರ ನೆನಪಾಯಿತು.

ಮಾರ್ಚ್ ತಿಂಗಳಲ್ಲಿ ಪುಸ್ತಕ ಮುಟ್ಟಲೇ ಇಲ್ಲ. ವರ್ಷದ ಕೊನೆ, ಮತ್ತೆ ತಲೆಯಲ್ಲೇ ಎಲ್ಲ. ಒಂದು ದಿನ 200 ರೂಪಾಯಿ ಕಡಿಮೆ ಬಂತು. ಒಂಬತ್ತರಿಂದ ಭಾಗ ಹೋಗಲಿಲ್ಲ, ಕೈಯಿಂದ ಕಟ್ಟಿದೆ. ಏಪ್ರಿಲ್‌ನಲ್ಲಿ ಮತ್ತೆ ಶುರು ಮಾಡಿದೆ.

ಪುಸ್ತಕದಲ್ಲಿ ಹೆಚ್ಚಿನವು ಎರಡು ವಾರದೊಳಗೆ ಹೊಡೆದು ಹೋಗುತ್ತವೆ. ಒಂದು ಮಾತ್ರ ಎಂಟು ತಿಂಗಳಿಂದ ಮುಂದಕ್ಕೆ ಹೋಗುತ್ತಲೇ ಇದೆ. ಪ್ರತಿ ಶುಕ್ರವಾರ ಹಳೇ ತಾರೀಕು ಹೊಡೆದು ಹೊಸದು ಹಾಕುತ್ತೇನೆ. 'ಅಮ್ಮ' ಅಂತ ಬರೆದಿದೆ, ಅಷ್ಟೇ. ಅಪ್ಪ ಹೋದ ಮೇಲೆ ಅಮ್ಮ ಊರಿನಲ್ಲಿ ಒಬ್ಬರೇ. ಈಚೆಗೆ ಮರೆವು ಜಾಸ್ತಿ. ಒಲೆ ಮೇಲೆ ಪಾತ್ರೆ ಇಟ್ಟು ಮರೆತದ್ದು ಎರಡು ಸಲ ಆಯಿತು. ಅಣ್ಣ ಪುಣೆಯಲ್ಲಿದ್ದಾನೆ. ನಾನು ಕರೆದುಕೊಂಡು ಬರಲಾ, ಅವನು ಕರೆದುಕೊಂಡು ಹೋಗುತ್ತಾನಾ, ಅಮ್ಮ ತೋಟ ಬಿಟ್ಟು ಬರುತ್ತಾರಾ? ಇಬ್ಬರೂ ಹಬ್ಬದ ಶುಭಾಶಯ ಹೇಳಿ ಫೋನ್ ಇಡುತ್ತೇವೆ. ಆಡಿಟರ್ ನೋಡಿದ್ದರೆ ಎಂದೋ ಕೆಂಪು ಗೆರೆ ಬಿದ್ದಿರುತ್ತಿತ್ತು.

ಮೊನ್ನೆ ಶುಕ್ರವಾರ ತಾರೀಕು ಬದಲಾಯಿಸಲು ಪೆನ್ನು ತೆಗೆದಾಗ ಗಮನಿಸಿದೆ. ಆ ಒಂದು ಸಾಲಿನಲ್ಲಿ ಏನು ಮಾಡಬೇಕು ಅನ್ನೋ ಕಾಲಂ ಮೊದಲಿನಿಂದಲೂ ಖಾಲಿ. ಗ್ಯಾಸ್ಕೆಟ್ಟಿಗೂ ತುಂಬಿದ್ದೇನೆ, ಇದಕ್ಕೆ ತುಂಬಿಲ್ಲ. 'ಅಣ್ಣನಿಗೆ ಫೋನ್. ಭಾನುವಾರ ಹತ್ತು ಗಂಟೆ. ಶುಭಾಶಯ ಬೇಡ' ಅಂತ ಬರೆದೆ.

ಇವತ್ತು ಭಾನುವಾರ. ಇವರು ತಿಂಡಿ ತಿಂದು ಸ್ಕೂಟರ್ ಒರೆಸುತ್ತಿದ್ದಾರೆ. ಗಂಟೆ ಒಂಬತ್ತು ಐವತ್ತೆರಡು.